ನಾಲ್ಕನೇ ಬೋಲ್ಟು

ಅಣ್ಣಾ,

ಈ ಕಾಗದ ನಿನಗೆ ಮುಟ್ಟುವುದಿಲ್ಲ, ಗೊತ್ತು. ನೀನು ತೀರಿಕೊಂಡ ಮೇಲೆ ನಾನೊಬ್ಬನೇ ಮಾಡಿದ ಮೊದಲ ಕೆಲಸ ಇವತ್ತು ವಾಪಸ್ ಬಂತು. ನೀರಿನ ಪಂಪು ತಯಾರಿಸುವ ಯಜಮಾನರು ನಾನು ತೂತು ಕೊರೆದುಕೊಟ್ಟಿದ್ದ ಉಕ್ಕಿನ ಪ್ಲೇಟುಗಳನ್ನು ಮೇಜಿನ ಮೇಲೆ ಸುರಿದು, "ಮೂರು ಬೋಲ್ಟು ಕೂರುತ್ತೆ, ನಾಲ್ಕನೇದು ಕೂರಲ್ಲ. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ ಕಣಯ್ಯಾ" ಅಂದರು.

"ಆಗಲೂ ತೂತು ಕೊರೀತಿದ್ದದ್ದು ನಾನೇ ಅಲ್ವಾ?" ಅಂದೆ.

ಹೋಲಿಸಿ ನೋಡು ಅಂತ, ನೀನಿದ್ದಾಗ ನಾನು ಕೊರೆದ ಹಳೆಯ ಪ್ಲೇಟೊಂದನ್ನು ಕೈಗಿಟ್ಟರು. ಬೆಳಕಿಗೆ ಹಿಡಿದೆ. ನಾಲ್ಕನೇ ತೂತಿನೊಳಗೆ ಒಂದೇ ಮಗ್ಗುಲಲ್ಲಿ ದುಂಡು ಅರದಿಂದ ಉಜ್ಜಿದ ಸಣ್ಣ ಗೀರುಗಳಿದ್ದವು. ಆ ಅರವನ್ನು ನಾನು ಯಾವತ್ತೂ ಮುಟ್ಟಿದವನಲ್ಲ. ಸಂಜೆ ನಾನು ಕೈ ತೊಳೆದು ಹೊರಟ ಮೇಲೂ ನೀನು ಉಳಿಯುತ್ತಿದ್ದೆಯಲ್ಲ. ನಿನ್ನ ಕೆಲಸವೇ ಮುಗಿದಿಲ್ಲ ಅಂದುಕೊಂಡು ನಾನು ಗಿರಾಕಿಗಳ ಮುಂದೆಯೇ ನಿನ್ನನ್ನು "ನಮ್ಮ ಆಮೆ" ಅನ್ನುತ್ತಿದ್ದೆ. ನೀನೂ ನಗುತ್ತಿದ್ದೆ.

ಯಜಮಾನರನ್ನು ಕೂರಿಸಿ ಹೊಸ ಪ್ಲೇಟು ತೆಗೆದುಕೊಂಡೆ. ತೂತಿನ ಜಾಗದಲ್ಲಿ ಮೊದಲು ಸಣ್ಣ ಗುಳಿ ಹೊಡೆಯದಿದ್ದರೆ ಡ್ರಿಲ್ಲಿನ ಮೊನೆ ಜಾರುತ್ತೆ ಅಂತ ನೀನು ಹೇಳಿ ಹೇಳಿ ಸೋತಿದ್ದೆ. ಇವತ್ತು ಗುರುತಿನ ಗೆರೆಗಳು ಸೇರುವಲ್ಲಿ ಚೂಪು ಮೊನೆಯ ಪಂಚ್ ಇಟ್ಟು ಗುಳಿ ಹೊಡೆದೆ. ಪ್ಲೇಟನ್ನು ಅಲುಗದಂತೆ ಬಿಗಿದೆ. ಮೊದಲು ಸಣ್ಣ ಮೊನೆಯಿಂದ ಕೊರೆದೆ, ಆಮೇಲೆ ದೊಡ್ಡದರಿಂದ. ಮೆಷಿನ್ನಿನ ಹಿಡಿಯನ್ನು ಮೆಲ್ಲಗೆ ಇಳಿಸಿದೆ, ತೂತಿಗೆ ಹಾಕಿದ ಎಣ್ಣೆ ಕಾದು ಹೊಗೆಯಾಡಲು ಬಿಡಲಿಲ್ಲ. ನಾಲ್ಕೂ ಬೋಲ್ಟು ಬೆರಳಲ್ಲೇ ಇಳಿದವು.

ಯಜಮಾನರು ಗಡಿಯಾರ ನೋಡಿ, "ಏನಯ್ಯಾ, ನೀನೂ ಆಮೆ ಆಗ್ಬಿಟ್ಯಲ್ಲ" ಅಂತ ನಕ್ಕರು.

ನಿನ್ನ ಹಾಗೆ ನಗೋಕೆ ನೋಡಿದೆ. ಆಗಲಿಲ್ಲ, ಅಣ್ಣಾ.