ಹಾಲವ್ವ ಕುಳಿತಾಗ ಹತ್ತುವ ಕೆಂಪು ದೀಪ

ಶಿಗ್ಗಾಂವ
14-12-1982

ಪ್ರೀತಿಯ ಸೊಸೆ, ಅಲ್ಲ, ಮಗಳು ದಾನವ್ವನಿಗೆ,

ನಿನ್ನ ಮಾವ ಅಜ್ಜಪ್ಪ ಮನಸಾರೆ ಮಾಡುವ ಆಶೀರ್ವಾದಗಳು. ಮೈ ಹೇಗಿದೆ? ನಡುನೋವು ಕಡಿಮೆಯಾಯಿತೇ? ನಿಮ್ಮ ಅವ್ವ ಹೊತ್ತು ಹೊತ್ತಿಗೆ ಬಿಸಿ ಅನ್ನ, ಬೆಳ್ಳುಳ್ಳಿ ಸಾರು ಹಾಕುತ್ತಿರಬೇಕು, ಬೇಸರಪಡದೆ ಉಣ್ಣು. ಹಿರೇಕೆರೂರಿನಲ್ಲಿ ಥಂಡಿ ಜೋರಂತೆ, ತಲೆಗೆ ಗಾಳಿ ತಾಗಿಸಿಕೊಳ್ಳಬೇಡ. ಕೂಸು ರಾತ್ರಿ ಮಲಗುತ್ತದೆಯೋ, ಇಲ್ಲ ತನ್ನ ಅಪ್ಪನ ಹಾಗೆ ಇಡೀ ಓಣಿಯನ್ನು ಎಬ್ಬಿಸುತ್ತದೆಯೋ? ಇಲ್ಲಿ ನಾವು ಆರಾಮ ಇದ್ದೇವೆ. ಪೂರ್ತಿ ಆರಾಮ ಅಂದರೆ ಸುಳ್ಳಾದೀತು, ಅದಕ್ಕೇ ಈ ಕಾಗದ.

ನಿನ್ನ ಗಂಡ ಶಂಕ್ರಪ್ಪ ಮೊನ್ನೆ ನಿಮ್ಮೂರಿಂದ ಬಂದವನು, ಕೈಚೀಲ ಕೆಳಗಿಡುವ ಮೊದಲೇ ನೀನು ಅತ್ತದ್ದನ್ನು ಹೇಳಿದ. “ಹೆಣ್ಣ ಹುಟ್ಟೇತಂತ ಅತ್ತಿ ನೋಡಾಕ ಬರವಲ್ಲರು” ಎಂದೆಯಂತೆ. ನಿನ್ನ ಸಿಟ್ಟು ನ್ಯಾಯದ್ದೇ. ಕೂಸಿಗೆ ತಿಂಗಳಾಗುತ್ತ ಬಂದರೂ ಅಜ್ಜಿ ಮುಖ ತೋರಿಸಿಲ್ಲ ಅಂದರೆ ಯಾರಿಗಾದರೂ ಹಾಗೆಯೇ ಅನ್ನಿಸಬೇಕು. ಆದರೆ ವಿಷಯ ಬೇರೆ ಇದೆ ತಂಗೀ. ಅದು ನಮ್ಮ ಹಳೇ ಕರೀ ಕಾರಿನ ವಿಷಯ. ನಗಬೇಡ, ಪೂರ್ತಿ ಓದು.

ಬಸ್ಸಿನ ಮೆಟ್ಟಿಲು ಹತ್ತಲು ನಿನ್ನ ಅತ್ತೆ ಹಾಲವ್ವನ ಮೊಣಕಾಲು ಒಪ್ಪುವುದಿಲ್ಲ, ನಿನಗೆ ಗೊತ್ತಿದ್ದದ್ದೇ. ಹೀಗಾಗಿ ಸುದ್ದಿ ಬಂದ ವಾರದಲ್ಲೇ ನಿನ್ನ ಬಾಣಂತನಕ್ಕೆ ಅಂಟಿನುಂಡಿಯ ಡಬ್ಬಿ, ಕೂಸಿನ ತಲೆಗೆ ಕುಂಚಿಗೆ, ತನ್ನ ಮದುವೆಯ ಇಳಕಲ್ ಸೀರೆ ಹರಿದು ಹೊಲಿದ ಪುಟ್ಟ ಕೌದಿ, ಎಲ್ಲಾ ಹೇರಿಕೊಂಡು ಹಾಲವ್ವ ಗಾಡಿಯಲ್ಲಿ ಕುಳಿತಳು. ಬಂಕಾಪುರ ದಾಟಿದೆವೋ ಇಲ್ಲವೋ, ನನ್ನ ಮುಂದಿನ ಕೆಂಪು ದೀಪ ಪಕ್ಕನೆ ಹತ್ತಿತು. ಎಂಜಿನ್ನಿಗೆ ಎಣ್ಣೆ ಸರಿಯಾಗಿ ಹೋಗದಿದ್ದರೆ ಹತ್ತುವ ದೀಪ ಅದು. ಆರಿತು. ರಸ್ತೆಯಲ್ಲಿ ತಗ್ಗು ಬಂದಾಗ ಮತ್ತೆ ಹತ್ತಿತು. “ಅದು ಹತ್ತಿದ್ರ ಮುಂದ ಒಯ್ಯಬ್ಯಾಡ್ರಿ, ಎಂಜಿನ್ ಹಿಡಕೊಂಡು ಕುಂದರತೈತಿ” ಎಂದು ಮಿಸ್ತ್ರಿ ಉಳಿವೆಪ್ಪ ಮೊದಲೇ ಹೆದರಿಸಿಟ್ಟಿದ್ದ. ಮೆಲ್ಲಗೆ ತಿರುಗಿಸಿಕೊಂಡು ಬಂದೆವು.

ಮರುದಿನ ಉಳಿವೆಪ್ಪ ಬಾನೆಟ್ ಎತ್ತಿ ನೋಡಿದರೆ ಎಣ್ಣೆ ಬೇಕಾದಷ್ಟಿದೆ, ದೀಪ ಹತ್ತಲೊಲ್ಲದು. ಬಲ್ಬು ಬದಲಿಸಿದ, ಎಣ್ಣೆ ಬದಲಿಸಿದ, ಪಾಪ ಏನೂ ತಪ್ಪು ಮಾಡದ ಗೇರಿನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಜೋಳದ ವ್ಯಾಪಾರಕ್ಕೆ ನಾನೊಬ್ಬನೇ ಸವಣೂರಿಗೆ ಹೋಗಿ ಬಂದೆ, ದೀಪ ಕಣ್ಣೇ ಬಿಡಲಿಲ್ಲ. ಸರಿಹೋಯಿತೆಂದು ನಿನ್ನ ಅತ್ತೆಯನ್ನು ಕೂರಿಸಿಕೊಂಡು ಹೊರಟರೆ ಹಾನಗಲ್ಲಿನ ಹಾದಿಯಲ್ಲಿ ಮತ್ತದೇ ದೀಪ! ನನಗೆ ಬಂದ ಸಿಟ್ಟಿಗೆ ಗಾಡಿಯನ್ನು ಅಲ್ಲೇ ಕೆರೆಗೆ ನೂಕಬೇಕು ಅನ್ನಿಸಿತು. (ಅಂಟಿನುಂಡಿ ಎರಡೂ ಸಲ ತಿರುಗಿ ಬಂದವು. ಕೆಡಬಾರದೆಂದು ನಾನೇ ತಿಂದೆ. ಈಗ ಓಣಿಯವರು ನನ್ನನ್ನೇ ಬಾಣಂತಿ ಅನ್ನುತ್ತಿದ್ದಾರೆ.)

ಉಳಿವೆಪ್ಪ ಮತ್ತೆ ಬಂದ, ಮತ್ತೆ ಏನೂ ಸಿಗಲಿಲ್ಲ. “ನೀವೊಬ್ಬರ ಹೋದ್ರ ಹತ್ತೂದಿಲ್ಲ, ಅವ್ವಾರು ಕುಂತ್ರ ಹತ್ತತೈತಿ. ಗಾಡಿಗೆ ಅವ್ವಾರು ಸೇರೂದಿಲ್ಲೇನ್ರಿ ಸಾವಕಾರ್ರ?” ಎಂದು ನಕ್ಕ. ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಹಾಲವ್ವನ ಮುಖ ಸಣ್ಣದಾಯಿತು. ಅಂದಿನಿಂದ ತನ್ನ ದೃಷ್ಟಿಯೇ ಕೆಟ್ಟದ್ದೆಂದು ಒಂದೇ ಹಟ. “ನನ್ನ ನೆದರ ಚಲೋ ಇಲ್ಲ. ದೇವರ ಎರಡ ಸಲ ತಡದಾನ. ಎಳೀ ಕೂಸಿನ ಮುಂದ ನಾ ಬರೂದ ಬ್ಯಾಡ, ನೀವಷ್ಟ ಹೋಗಿ ಬರ್ರಿ.” ತಿಳಿಸಿ ಹೇಳಿದೆ, ಬೈದೆ, ಉಣ್ಣದೆ ಕುಳಿತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹಟ ಮಾಡುತ್ತಲೇ ಕುಂಚಿಗೆಗೆ ದಿನಾ ಒಂದು ಹೊಸ ಗೊಂಡೆ ಹಚ್ಚುತ್ತಾಳೆ, ಮೂದೇವಿ!

ಇವತ್ತು ಬೆಳಿಗ್ಗೆ ನಾನೊಬ್ಬನೇ ನಿಮ್ಮೂರಿಗೆ ಹೊರಟೆ. ಹಾನಗಲ್ಲು ಇನ್ನೂ ಬಂದಿರಲಿಲ್ಲ, ದೀಪ ಹತ್ತಿತು. “ಎಲಾ ಇದರ! ಹಾಲವ್ವ ಮನ್ಯಾಗದಾಳಲ್ಲ!” ಎಂದು ಗಾಡಿಗೇ ಕೂಗಿ ಹೇಳಿದೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಒಳಗೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ, ಒಂದು ತುಂಡು ಇದ್ದಿಲು! ಕಬ್ಬಿಣದ ತಂತಿಯಲ್ಲಿ ಪೋಣಿಸಿದ್ದು, ಹೊಚ್ಚಹೊಸದು. ದೃಷ್ಟಿ ತಾಗದಿರಲೆಂದು ಹಾಲವ್ವ ಅದನ್ನು ದೀಪಕ್ಕೆ ಹೋಗುವ ವೈರಿನ ಬುಡಕ್ಕೇ ಸುತ್ತಿದ್ದಳು. ಗಾಡಿ ಕುಲುಕಿದಾಗ ತಂತಿಯ ಬಾಲ ಎಂಜಿನ್ನಿಗೆ ತಾಗಿ ದೀಪ ಹತ್ತುತ್ತಿತ್ತು, ಅಷ್ಟೇ. ಎಂಜಿನ್ ಚಾಲೂ ಇಟ್ಟು ತಂತಿ ತಾಗಿಸಿ ಓಡಿಹೋಗಿ ನೋಡಿದರೆ ಹತ್ತಿದೆ, ಸರಿಸಿ ನೋಡಿದರೆ ಆರಿದೆ. ಈ ವಯಸ್ಸಿನಲ್ಲಿ ಗಾಡಿಯ ಸುತ್ತ ಓಡುವ ನನ್ನನ್ನು ನೋಡಲು ಚಕ್ಕಡಿಯವನೊಬ್ಬ ಎತ್ತು ನಿಲ್ಲಿಸಿಕೊಂಡು ನಿಂತುಬಿಟ್ಟ.

ಆಗ ಎಲ್ಲಾ ಹೊಳೆಯಿತು. ಮುಂದೆ ಬಂಪರಿಗೆ ಕಟ್ಟಿದರೆ ನಾನು ಕಿತ್ತೊಗೆಯುತ್ತೇನೆಂದು ಕದ್ದು ಒಳಗೆ ಕಟ್ಟುತ್ತಿದ್ದಳು. ದಾರ ಬಿಸಿಗೆ ಸುಟ್ಟೀತೆಂದು ತಂತಿ. ತಿರುಗಿ ಬಂದ ಕೂಡಲೇ ಬಿಚ್ಚಿ ಮೂರು ಹಾದಿ ಕೂಡುವಲ್ಲಿ ಒಗೆದು ಬಂದರೆ ಉಳಿವೆಪ್ಪನಿಗೆ ಸಿಗುವುದಾದರೂ ಏನು? ಸವಣೂರಿನ ಜೋಳಕ್ಕೆ ಆಕೆ ಕಟ್ಟಿರಲಿಲ್ಲ. ಕೂಸಿನ ಹಾದಿಗೆ ಮಾತ್ರ ಕಟ್ಟುತ್ತಿದ್ದಳು. ತಾನು ಬರುವುದಿಲ್ಲ ಎಂದ ದಿನವೂ ಕಟ್ಟಿದ್ದಳು, ದಾನವ್ವಾ. ನನಗೆ ಅಲ್ಲೇ ರಸ್ತೆಯಲ್ಲಿ ಅಳು ಬಂತು.

ಮುಂದೆ ಬರಬಹುದಿತ್ತು, ಆಕೆಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಮನೆಗೆ ಬಂದು ತಂತಿ ತೋರಿಸಿದೆ. ಮೊದಲು ಅತ್ತಳು, ಆಮೇಲೆ “ನನ್ನ ಲಿಂಬಿಹಣ್ಣಿಗೆ ಯಾಕ ಬೈತೀರಿ, ನಿಮ್ಮ ಗಾಡಿನ ಮುದಕ ಆಗೇತಿ” ಎಂದು ನನಗೇ ಬೈದಳು. ಬೈಸಿಕೊಂಡು ಬಹಳ ದಿನವಾಗಿತ್ತು, ಹಿತವಾಯಿತು. ಬರುವ ಸೋಮವಾರ ಇಬ್ಬರೂ ಬರುತ್ತೇವೆ. ಈ ಸಲದ ಅಂಟಿನುಂಡಿಯನ್ನು ನಾನು ಮುಟ್ಟಿಲ್ಲ, ಬಸವಣ್ಣನ ಆಣೆ.

ನಿಮ್ಮ ಅಪ್ಪ ಅವ್ವರಿಗೆ ನನ್ನ ಶರಣು ತಿಳಿಸು. ನೀನೂ ಕೂಸೂ ನೂರು ಕಾಲ ಸುಖವಾಗಿರಿ.

ನಿನ್ನ ಮಾವ,
ಅಜ್ಜಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನಿನ್ನ ಅತ್ತೆ ಬರಲು ಒಪ್ಪಿದ್ದಾಳೆ ನಿಜ, ಆದರೆ ಈಗ “ಹೊಸ್ತಲದಾಗ ನಿಂತ ನೋಡಿ ಬರ್ತೇನಿ, ಮುಟ್ಟೂದಿಲ್ಲ” ಅನ್ನುತ್ತಿದ್ದಾಳೆ. ಗಾಡಿಯ ತಂತಿ ಬಿಚ್ಚಿದೆ, ಆಕೆಯ ಹೆದರಿಕೆ ಬಿಚ್ಚಲು ನನ್ನ ಕೈಯಲ್ಲಿ ಆಗಲಿಲ್ಲ. ಸೋಮವಾರ ಆಕೆ ಹೊಸ್ತಿಲಿಗೆ ಬಂದಾಗ ನೀನು ಏನೂ ಕೇಳಬೇಡ, ಆಕೆ ಬೇಡ ಅಂದರೂ ಕೇಳಬೇಡ. ಕೂಸನ್ನು ತಂದು ಆಕೆಯ ಉಡಿಯಲ್ಲಿ ಹಾಕಿಬಿಡು.