ಕಂಡದ್ದನ್ನು ಬರೆಯಕೂಡದೆಂದ ಚಿತ್ರಬಳಗದ ನಿರ್ವಾಹಕರಿಗೆ

ಮಾನ್ಯ ನಿರ್ವಾಹಕರೇ,

ನೀವು ಅಂತರ್ಜಾಲದಲ್ಲಿ ನಡೆಸುವ ಚಿತ್ರಬಳಗದ ಸದಸ್ಯರು ಚಿತ್ರದಲ್ಲಿ ಏನಿದೆಯೆಂದು ಇನ್ನು ಮೇಲೆ ಬರೆಯಕೂಡದೆಂದು ನೀವು ಮಾಡಿದ ನಿಯಮದಿಂದ ನಮ್ಮ ಮನೆಯಲ್ಲಿ ಒಬ್ಬರು ಚಿತ್ರ ನೋಡುವುದನ್ನೇ ಬಿಟ್ಟಿದ್ದಾರೆ. ಅದನ್ನು ಹಿಂತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಬಳಗದಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. 'ವಿಷಯಾಂತರ' ಎಂದು ಅಳಿಸಿದಿರಿ. ಮತ್ತೆ ಕೇಳಿದೆ. 'ಪುನರಾವರ್ತನೆ' ಎಂದು ಅಳಿಸಿದಿರಿ. ಎರಡನೆಯದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ನಾನು ನಿಜಕ್ಕೂ ಪುನರಾವರ್ತಿಸಿದ್ದೆ. ಹೀಗಾಗಿ, ನಿಮ್ಮ ಅಳಿಸುವ ಗುಂಡಿ ತಲುಪದ ಈ ಪತ್ರಿಕೆಯ ಪುಟಕ್ಕೆ ಬಂದಿದ್ದೇನೆ.

ಬಳಗದ ಹೊರಗಿನ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಯಾರಾದರೂ ಒಂದು ಚಿತ್ರ ಹಾಕಿದರೆ ಅದರ ಕೆಳಗೆ ಮೊದಲು 'ಕಂಡದ್ದು' ಎಂದು ತಲೆಬರಹ ಕೊಟ್ಟು ಕಣ್ಣಿಗೆ ಬಿದ್ದದ್ದನ್ನು ಬರೆಯಬೇಕು. ಆಮೇಲೆ 'ಅನಿಸಿದ್ದು'. ನೇರವಾಗಿ 'ಸೂಪರ್' ಎಂದವರಿಗೆ "ಮೊದಲು ಕಂಡದ್ದು ಹಾಕ್ರೀ" ಎಂದು ಹತ್ತಾರು ಜನ ಮುಗಿಬೀಳುತ್ತಿದ್ದರು. ಈ ಪದ್ಧತಿಯ ಹಿಂದೆ ಯಾವ ಕಲಾತತ್ವವೂ ಇರಲಿಲ್ಲ. ಬಳಗ ಶುರುವಾದ ಕಾಲದಲ್ಲಿ ಅರ್ಧ ಜನರ ಫೋನಿನಲ್ಲಿ ಚಿತ್ರ ತೆರೆಯುವುದರೊಳಗೆ ಊಟ ಮಾಡಿ ಕೈ ತೊಳೆದು ಬರಬಹುದಿತ್ತು. ತೆರೆದವರು ತೆರೆಯದವರಿಗೆ ಹೇಳುತ್ತಿದ್ದರು, ಅಷ್ಟೇ. ನೆಟ್‌ವರ್ಕ್ ಸುಧಾರಿಸಿತು, ಅಭ್ಯಾಸ ಉಳಿಯಿತು.

ನಮ್ಮ ಅತ್ತಿಗೆ ಬಳಗಕ್ಕೆ ಸೇರಿದ್ದು ಆ ಅಭ್ಯಾಸದ ಬಾಗಿಲಿನಿಂದ. ಪರದೆ, ಸೋಫಾ ಹೊದಿಕೆ ಹೊಲಿಯುವ ಅಂಗಡಿ ನಡೆಸಿದವರು ಅವರು. ಕಣ್ಣಿನೊಳಗಿನ ಒತ್ತಡ ಏರುತ್ತಾ, ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬಂದು ಕೆಲವು ವರ್ಷಗಳ ಹಿಂದೆ ಪೂರ್ತಿ ನಿಂತುಹೋಯಿತು. ಒಂದು ಸಂಜೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಾಗ ನನ್ನ ಫೋನು ಬಳಗದ ಮಾತುಗಳನ್ನು ಓದಿ ಹೇಳುತ್ತಿತ್ತು. ಯಾರೋ ತಮ್ಮ ಫೋನಿಗೆ ಚಿತ್ರ ಬರುತ್ತಿಲ್ಲ ಎಂದು ಗೊಣಗಿದ್ದರು. ಅತ್ತಿಗೆ ಥಟ್ಟನೆ, "ನನಗೂ ಬರ್ತಿಲ್ಲ ಅಂತ ಬರಿಯೇ" ಅಂದರು. ಅವರನ್ನೂ ಬಳಗಕ್ಕೆ ಸೇರಿಸಿ, ಅವರ ಹೆಸರಿನಲ್ಲೇ ಬರೆದೆ. ಆವತ್ತಿನಿಂದ ಬಳಗದಲ್ಲಿ ಅತ್ತಿಗೆಯೆಂದರೆ ನೆಟ್‌ವರ್ಕ್ ಸರಿಯಿಲ್ಲದ ಮೇಡಂ. ನಮ್ಮಲ್ಲೊಬ್ಬ ಹಲ್ಲಿನ ಡಾಕ್ಟರಿದ್ದಾರೆ, ಪಾಪ, ಬಹಳ ಕಾಳಜಿಯ ಮನುಷ್ಯ. "ಮೇಡಂ, ಆ ಸಿಮ್ ಬಿಸಾಕಿ, ಬೇರೆ ತಗೊಳ್ಳಿ" ಎಂದು ಆಗಾಗ ಸಲಹೆ ಕೊಡುತ್ತಲೇ ಇದ್ದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಂದು ಈ ಗುಟ್ಟನ್ನು ಬಯಲು ಮಾಡುತ್ತಿರುವುದು ಅವರ ಒಪ್ಪಿಗೆಯಿಂದಲೇ. "ಹೇಳು, ಪರವಾಗಿಲ್ಲ. ಆದ್ರೆ ಅಯ್ಯೋ ಪಾಪ ಅಂದೋರು ಯಾರ್‍ಯಾರು ಅಂತ ನಂಗೆ ಓದಿ ಹೇಳ್ಬೇಕು, ಅವರನ್ನ ನೋಡ್ಕೋತೀನಿ" ಎಂಬ ಷರತ್ತಿನ ಮೇಲೆ.

ಅವರು ಚಿತ್ರ ನೋಡುತ್ತಿದ್ದ ಬಗೆಗೆ ಒಂದು ಉದಾಹರಣೆ ಕೊಡುತ್ತೇನೆ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತ ಹೆಂಗಸಿನ ಚಿತ್ರ ನಿಮಗೂ ನೆನಪಿರಬಹುದು, ಅದರ ಚರ್ಚೆಯನ್ನು ಅಳಿಸಿದವರು ನೀವೇ ತಾನೆ. ಡಾಕ್ಟರು ಕಂಡದ್ದು ಬರೆದರು: ಕಾಲಿನ ಬಳಿ ಬೆಕ್ಕು ಮಲಗಿದೆ. 'ಮಸಿಬಾಟಲಿ' ಎಂಬ ಅಡ್ಡಹೆಸರಿನ ನಮ್ಮ ಹಿರಿಯ ಸದಸ್ಯೆ ಬಿಡಲಿಲ್ಲ.

"ಅದು ಬೆಕ್ಕಲ್ಲ ಡಾಕ್ಟ್ರೇ, ಮಡಚಿಟ್ಟ ಶಾಲು."

"ಶಾಲಿಗೆ ಕಿವಿ ಇರತ್ತಾ ಅಮ್ಮಾ?"

"ಕಿವಿಯಲ್ಲ, ಶಾಲಿನ ಮೂಲೆ ಅದು. ಕನ್ನಡಕ ಹಾಕ್ಕೊಂಡು ಹಲ್ಲು ಕೀಳ್ತೀರೋ, ಹಾಗೇ ಕೀಳ್ತೀರೋ?"

"ನಿಮ್ಮ ದವಡೆಹಲ್ಲು ನೋವು ಬರ್ಲಿ, ಆಗ ಹೇಳ್ತೀನಿ."

ಬಳಗ ಎರಡು ಪಕ್ಷವಾಯಿತು. ಬಾಲ ಕಂಡವರು, ಅಂಚಿನ ಕುಚ್ಚು ಕಂಡವರು, ಎರಡನ್ನೂ ಕಂಡ ಒಬ್ಬ ಮಹಾನುಭಾವ. ಎಲ್ಲವನ್ನೂ ಕೇಳಿಸಿಕೊಂಡ ಅತ್ತಿಗೆ ನನ್ನ ಕೈಯಲ್ಲಿ ಒಂದು ಪ್ರಶ್ನೆ ಬರೆಸಿದರು: "ಆಕೆ ಕಾಲು ಹೇಗಿಟ್ಕೊಂಡಿದ್ದಾಳೆ? ಬೆಕ್ಕಿದ್ರೆ ಯಾರೂ ಆ ಕಡೆ ಕಾಲು ಚಾಚಲ್ಲ." ಎಲ್ಲರೂ ಮತ್ತೆ ಚಿತ್ರಕ್ಕೆ ಓಡಿದರು. ಹೆಂಗಸಿನ ಪಾದವನ್ನು ಅದುವರೆಗೆ ಒಬ್ಬರೂ ನೋಡಿರಲಿಲ್ಲ. ಒಂದು ಪಾದ ಮಡಚಿದೆ, ಇನ್ನೊಂದು ಮುದ್ದೆಯಾಗಿ ಬಿದ್ದ ನೀಲಿ ಪರದೆಯ ಮರೆಯಲ್ಲಿದೆ. ತೀರ್ಮಾನವಾಗಲೇ ಇಲ್ಲ. ಅತ್ತಿಗೆಗೆ ಪರದೆಯ ಚಿಂತೆ ಹತ್ತಿತು. ಯಾವ ನೀಲಿ, ಹೊಸ ಬಟ್ಟೆಯ ನೀಲಿಯೋ, ಒಗೆದು ಒಗೆದು ಬಿಳುಚಿಕೊಂಡ ನೀಲಿಯೋ? ಅದಕ್ಕೂ ಎರಡು ಪಕ್ಷ.

ಆಮೇಲೆ ನಿಮ್ಮ ಪ್ರಕಟಣೆ ಬಂತು. ಚಿತ್ರಗಳ ವಿವರಣೆಯನ್ನು ಇನ್ನು ಸ್ವಯಂಚಾಲಿತ ವ್ಯವಸ್ಥೆಯೇ ನೀಡಲಿದೆ, ಸದಸ್ಯರ ವಿವರಣೆಗಳು ಅನಗತ್ಯ ಹಾಗೂ ಹಲವು ಬಾರಿ ತಪ್ಪು, ಆದ್ದರಿಂದ ಸದಸ್ಯರು ಅಭಿಪ್ರಾಯಕ್ಕಷ್ಟೇ ಸೀಮಿತರಾಗಬೇಕು. ಹಳೆಯ 'ಕಂಡದ್ದು'ಗಳನ್ನೆಲ್ಲ ಗುಡಿಸಿ ಹಾಕಿದಿರಿ. ಕಿಟಕಿಯ ಹೆಂಗಸಿನ ಕೆಳಗೆ ಈಗಿರುವುದು ಇಷ್ಟೇ: 'ಕುರ್ಚಿಯಲ್ಲಿ ಕುಳಿತ ಮಹಿಳೆ. ಒಳಾಂಗಣ.' ಬೆಕ್ಕೂ ಇಲ್ಲ, ಶಾಲೂ ಇಲ್ಲ. ಜಗಳವನ್ನು ಎಷ್ಟು ಸೊಗಸಾಗಿ ಬಗೆಹರಿಸಿದಿರಿ!

ನಾನು ಯಂತ್ರದ ವಿರೋಧಿಯೆಂದು ತಿಳಿಯಬೇಡಿ. ಮಾತ್ರೆಯ ಹಾಳೆಯ ಮೇಲಿನ ಇರುವೆಸಾಲಿನಂಥ ಅಕ್ಷರಗಳನ್ನು ಅತ್ತಿಗೆಗೆ ಓದಿ ಹೇಳುವುದು ಅದೇ ಯಂತ್ರ. ಅಲ್ಲಿ ಯಾರಿಗೂ ಎರಡು ಪಕ್ಷ ಬೇಕಿಲ್ಲ. ಆದರೆ ನಾನು ಕವಿತೆ ಓದುವವಳು. ನನ್ನ ಕೈಗೆ ಸಾರಾಂಶ ಕೊಟ್ಟು, "ಕವಿತೆ ಓದುವ ಶ್ರಮ ಬೇಡ, ಅಭಿಪ್ರಾಯ ಹೇಳಿ" ಎಂದರೆ ನಾನೇನು ಹೇಳಲಿ? ಚೆನ್ನಾಗಿದೆ ಎನ್ನಬಹುದು. ಬಳಗದಲ್ಲಿ ಈಗ ಆಗಿರುವುದೂ ಅದೇ. ನೋಡಿ ಬರೆಯುವ ಕೆಲಸ ತಪ್ಪಿದ ಮೇಲೆ ನೋಡುವ ಕೆಲಸವೂ ತಪ್ಪಿತು. ಡಾಕ್ಟರೇ ನನ್ನ ಹತ್ತಿರ, "ಈಗ ಬೆರಳಲ್ಲಿ ಸರಿಸ್ಕೊಂಡು ಹೋಗ್ತೀನಿ ಮೇಡಂ, ನಿಲ್ಲೋಕೆ ಕಾರಣಾನೇ ಇಲ್ಲ" ಅಂದರು. ಉಳಿದಿರುವುದು ಪುಟ್ಟ ಚಿಹ್ನೆಗಳು. ಅತ್ತಿಗೆಯ ಫೋನು ಅವನ್ನು ಶ್ರದ್ಧೆಯಿಂದ ಓದುತ್ತದೆ: "ಚಪ್ಪಾಳೆ ತಟ್ಟುವ ಕೈಗಳು, ಚಪ್ಪಾಳೆ ತಟ್ಟುವ ಕೈಗಳು, ಕೆಂಪು ಹೃದಯ, ಬೆಂಕಿ, ಬೆಂಕಿ, ಬೆಂಕಿ." ಮೊದಲ ದಿನ ಅತ್ತಿಗೆ ಗಾಬರಿಯಾಗಿ, "ಎಲ್ಲಿಗೆ ಬಿತ್ತೇ ಬೆಂಕಿ?" ಎಂದು ಕೇಳಿದ್ದರು. ಈಗ ಫೋನನ್ನು ಮಗುಚಿಟ್ಟು ಎದ್ದುಹೋಗುತ್ತಾರೆ.

ಈ ಪತ್ರ ಓದಿದೊಡನೆ ನಿಮಗೆ ಮರುಕ ಹುಟ್ಟಿ, ದೃಷ್ಟಿಯಿಲ್ಲದ ಸದಸ್ಯರಿಗಾಗಿ ವಿಸ್ತಾರವಾದ ವಿವರಣೆಯ ವಿಶೇಷ ಸೌಲಭ್ಯ ಎಂಬ ಹೊಸ ಪ್ರಕಟಣೆ ಹೊರಡುವುದೆಂಬ ಭಯ ನನಗಿದೆ. ದಯವಿಟ್ಟು ಬೇಡ. ಡಾಕ್ಟರೂ ಮಸಿಬಾಟಲಿಯೂ ಅತ್ತಿಗೆಗೆ ಉಪಕಾರ ಮಾಡಲು ಜಗಳವಾಡಿದವರಲ್ಲ. ಒಬ್ಬರನ್ನೊಬ್ಬರು ಸೋಲಿಸಲು ಆಡಿದರು. ಆ ಗದ್ದಲದಲ್ಲಿ ಅತ್ತಿಗೆಗೂ ಒಂದು ಕುರ್ಚಿಯಿತ್ತು, ಅವರ ಪ್ರಶ್ನೆಗೆ ಜನ ತಡವರಿಸುತ್ತಿದ್ದರು, ಸೋಲುತ್ತಿದ್ದರು, ಬೈದುಕೊಳ್ಳುತ್ತಿದ್ದರು. ವಿಶೇಷ ಸೌಲಭ್ಯದಲ್ಲಿ ಅದನ್ನು ಯಾರು ಒದಗಿಸುತ್ತಾರೆ?

ಕಳೆದ ವಾರ ಒಂದು ಚಿತ್ರ ಬಂತು. ಯಂತ್ರದ ಪ್ರಕಾರ 'ಹೊರಾಂಗಣ, ಬಟ್ಟೆ, ಆಕಾಶ.' ಅತ್ತಿಗೆಯನ್ನು ಹಿಡಿದು ಕೂರಿಸಿ ನಾನೇ ಹೇಳಿದೆ. ಮಹಡಿಯ ಮೇಲೆ ಹಗ್ಗ, ಹಗ್ಗದ ಮೇಲೆ ಅಂಗಿಗಳು, ಅವುಗಳ ನಡುವೆ ಒಂದು ದೊಡ್ಡ ಹಾಸುಬಟ್ಟೆ ಉಬ್ಬಿ ನಿಂತಿದೆ.

"ಗಾಳಿ ಯಾವ ಕಡೆಯಿಂದ?"

"ಎಡಗಡೆಯಿಂದ, ಅತ್ತಿಗೆ."

"ಹೂಂ" ಎಂದು ಏಳಹೊರಟರು.

"ಯಾಕೆ, ನಾನು ಚೆನ್ನಾಗಿ ಹೇಳ್ಲಿಲ್ವಾ?"

"ಚೆನ್ನಾಗೇ ಹೇಳ್ದೆ ಕಣೇ. ಆದ್ರೆ ನೀನು ಹೇಳಿದ್ದನ್ನ ಅಲ್ಲ ಅನ್ನೋಕೆ ಯಾರೂ ಇಲ್ವಲ್ಲ. ಒಬ್ಬರೇ ಹೇಳಿದ್ರೆ ನೋಡಿದ ಹಾಗಾಗಲ್ಲ, ನಂಬಿದ ಹಾಗಾಗತ್ತೆ."

ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೂತು ನಾನು ಕಲಿಯದ ವಿಮರ್ಶೆ ಇದು. ನಿಮಗೆ ಬಿಟ್ಟಿಯಾಗಿ ಕಳಿಸುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ. ನಿಯಮವನ್ನು ಹಿಂತೆಗೆದುಕೊಳ್ಳಿ. ಗುಡಿಸಿ ಹಾಕಿದ 'ಕಂಡದ್ದು'ಗಳನ್ನು, ತಪ್ಪುಗಳೂ ಬೈಗುಳಗಳೂ ಸಮೇತ, ಮರಳಿ ತನ್ನಿ. ಯಂತ್ರದ ಸಾಲು ಮೇಲೆ ತನ್ನ ಪಾಡಿಗೆ ತಾನಿರಲಿ, ಕೆಳಗೆ ನಮಗೆ ಜಾಗ ಬಿಡಿ. ಮೊದಲ ಬರಹವನ್ನು ನೀವೇ ಬರೆಯಿರಿ. ಆ ಮಹಡಿಯ ಚಿತ್ರ ಇನ್ನೂ ಅಲ್ಲೇ ಇದೆ. ಗಾಳಿ ಎಡದಿಂದ ಎಂದು ಹೇಳಿಬಿಟ್ಟೆನಲ್ಲ, ನನಗೇ ಈಗ ಅನುಮಾನ. ಒಮ್ಮೆ ನಿಂತು ನೋಡಿ, ನನ್ನದು ತಪ್ಪೆನಿಸಿದರೆ ಎಲ್ಲರೆದುರು ಜೋರಾಗಿ ಹೇಳಿ. ಅತ್ತಿಗೆ ಕಾಯುತ್ತಿದ್ದಾರೆ.

ಇಂತಿ,
ಮನೆಯಲ್ಲಿ ಒಬ್ಬಳೇ ಸರಿಯಾಗಿರುವುದು ಸಾಕಾಗಿಹೋದ
ನಿಮ್ಮ ಬಳಗದ ಸದಸ್ಯೆ