ನಿಂಬೆಯ ಮನೆ, ಮೆಟ್ಟಿಲ ಮೇಲಿನ ಅಳಿಯ

ಬಾಡಿಗೆ ಮನೆ, ಮೂರನೆಯ ಮಹಡಿ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ ಅಥವಾ "ನಾಳೆಯಿಂದ ಮಾಡ್ತೀನಿ" ಎಂದು ದಿನ ದೂಡುತ್ತಿದ್ದೀಯೋ? ಅಪ್ಪನ ಕೆಮ್ಮು ಹೇಗಿದೆ? ತಮ್ಮ ನನ್ನ ರೂಮನ್ನು ಆಗಲೇ ವಶಪಡಿಸಿಕೊಂಡು, ನನ್ನ ಮಂಚದ ಮೇಲೆ ಕಾಲು ಚಾಚಿ ಮಲಗಿದ ಫೋಟೋ ಕಳಿಸಿದ್ದಾನೆ. ನನ್ನ ಪರವಾಗಿ ಅವನ ಕಿವಿ ಹಿಂಡು. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಎನ್ನಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನಗೆ ಬರೀ ನಗು. ನೀನು ಅಪ್ಪನ ಕಡೆ ತಿರುಗಿ "ಚೆನ್ನಾಗಿದ್ದಾಳೆ ಬಿಡ್ರೀ" ಎಂದು ಇಟ್ಟುಬಿಡುತ್ತೀಯ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಒತ್ತಕ್ಷರ ತಪ್ಪಿದ್ದರೆ ಅಪ್ಪನಿಗೆ ತೋರಿಸಬೇಡ, ಕೆಂಪು ಪೆನ್ನು ಹುಡುಕಿಕೊಂಡು ಹೊರಡುತ್ತಾರೆ.

ನಿನ್ನ ನಿಂಬೆಹಣ್ಣಿನ ಪೆಟ್ಟಿಗೆ ಹೋದ ತಿಂಗಳು ಬಂದು ತಲುಪಿತು ಎಂದಷ್ಟೇ ಹೇಳಿದ್ದೆ, ಕಥೆ ಹೇಳಿರಲಿಲ್ಲ. ಕೊರಿಯರಿನವನು ಮೂರು ಮಹಡಿ ಹತ್ತಿ, "ಏನ್ ಮೇಡಂ, ಕಲ್ಲು ತರಿಸಿದೀರಾ?" ಎಂದು ಏದುಸಿರು ಬಿಟ್ಟ. ಪಾಪ ಅನ್ನಿಸಿ ಅವನ ಎದುರಿಗೇ ಪೆಟ್ಟಿಗೆ ಬಿಚ್ಚಿ ಒಂದು ಲೋಟ ಶರಬತ್ತು ಮಾಡಿಕೊಟ್ಟೆ. ಈ ಮನೆಗೆ ಬಂದ ನನ್ನ ಮೊದಲ ಅತಿಥಿ ಅವನೇ ಅಮ್ಮಾ, ನಗಬೇಡ. ಅವನು ಇಳಿದುಹೋದ ಮೇಲೆ ಪೆಟ್ಟಿಗೆಯೊಳಗೆ ತಲೆ ಹಾಕಿ ಮೂಸಿದೆ. ಹಿತ್ತಲು, ನಮ್ಮ ಅಡುಗೆಮನೆ, ನಿನ್ನ ಕೈ, ಎಲ್ಲ ಒಟ್ಟಿಗೇ ಬಂದು ನಿಂತ ಹಾಗಾಯಿತು.

ಆಮೇಲೆ ನೋಡು ನಿನ್ನ ಮಗಳ ಪ್ರತಾಪ! ಬೆಳಿಗ್ಗೆ ಎದ್ದ ಕೂಡಲೇ ನನಗೂ ನಿನ್ನ ಅಳಿಯನಿಗೂ ಉಗುರುಬೆಚ್ಚಗಿನ ನೀರಿಗೆ ಅರ್ಧ ಹೋಳು ನಿಂಬೆ. ಕೆಳಗಿನ ಮನೆಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರಿದ್ದಾರೆ, ನಾನು ನರ್ಸಕ್ಕ ಎನ್ನುತ್ತೇನೆ. ಅವರು "ಗಟ್ಟಿ ರಸ ಕುಡೀಬೇಡ ಕಣೇ, ಹಲ್ಲು ಜುಂ ಅನ್ನುತ್ತೆ. ನೀರು ಜಾಸ್ತಿ ಹಾಕು, ಆಮೇಲೆ ಬಾಯಿ ಮುಕ್ಕಳಿಸು" ಎಂದರು, ಹಾಗೇ ಮಾಡಿದೆ. ಬೇಯಿಸಿದ ಸೊಪ್ಪಿನ ಮೇಲೆ ಹಿಂಡಿದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದಂತೆ, ಅದನ್ನೂ ಮಾಡಿದೆ. ಹಿಂಡಿದ ಸಿಪ್ಪೆಗೆ ಉಪ್ಪು ಅದ್ದಿ ತರಕಾರಿ ಹೆಚ್ಚುವ ಹಲಗೆ ಉಜ್ಜಿದೆ. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟಿತ್ತು, ರಸ ಹಾಕಿ ಕುದಿಸಿದೆ, ಮದುಮಗಳ ಹಾಗೆ ಹೊಳೆಯಿತು! ಫ್ರಿಜ್ಜಿನಲ್ಲಿ ಒಂದು ಹೋಳು, ನಲ್ಲಿಯ ಕಲೆಗೆ ಒಂದು ಹೋಳು, ನೆಲ ಒರೆಸುವ ನೀರಿಗೆ ಸಿಪ್ಪೆ, ಬಟ್ಟೆಯ ಕಪಾಟಿಗೆ ಒಣಗಿಸಿದ ಸಿಪ್ಪೆ, ಕೊನೆಗೆ ಇವರ ಷೂ ಒಳಗೂ! ಮುಖಕ್ಕೂ ಹಚ್ಚಿಕೊಳ್ಳುವವಳಿದ್ದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟುಕೊಳ್ಳುತ್ತದೆ ಎಂದು ನರ್ಸಕ್ಕ ಗದರಿದರು.

ಇವರಂತೂ ಬಂಗಾರ ಅಮ್ಮಾ, ನೂರು ಸಲ ಹೇಳಿದ್ದೇನೆ, ನೂರೊಂದನೆಯ ಸಲವೂ ಕೇಳಿಸಿಕೋ. ಎಲ್ಲವನ್ನೂ "ಚೆನ್ನಾಗಿದೆ" ಎನ್ನುತ್ತಾರೆ. ಆದರೆ ನಿನಗೆ ಹೇಳದ ಒಂದು ಸಂಗತಿ ಇತ್ತು. ಸಂಜೆ ಕೆಳಗೆ ಇವರ ಬೈಕಿನ ಸದ್ದಾದ ಕೂಡಲೇ ನಾನು ಕನ್ನಡಿಯ ಮುಂದೆ ಓಡಿ, ಕೂದಲು ಸರಿಮಾಡಿಕೊಂಡು, ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದೆ. ಮೆಟ್ಟಿಲು ಹತ್ತುವ ಸದ್ದು ಎರಡನೆಯ ಮಹಡಿಯ ತಿರುವಿನವರೆಗೆ ಬಂದು ನಿಂತುಬಿಡುತ್ತಿತ್ತು. ಒಂದು ದಿನ ತಡೆಯಲಾರದೆ ಇಣುಕಿದೆ. ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು, ತೆರೆದ ಕಿಟಕಿಯ ಪಕ್ಕದ ಗೋಡೆಗೆ ತಲೆ ಒರಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ನರ್ಸಕ್ಕನೂ ಆಸ್ಪತ್ರೆಗೆ ಹೋದ ಮೇಲೆ ನಾನು ಮಾತಾಡಲು ಒಂದು ಜೀವವಿಲ್ಲದೆ ಗಡಿಯಾರ ನೋಡುತ್ತಿರುವಾಗ, ಇವರು ಮನೆಯ ಹತ್ತಿರ ಬಂದೂ ಒಳಗೆ ಬರುತ್ತಿಲ್ಲ! ನನ್ನ ಮಾತು ಜಾಸ್ತಿಯಾಯಿತೇನೋ ಎಂದುಕೊಂಡೆ. ಮರುದಿನ ಬಾಯಿಗೆ ಬೀಗ ಹಾಕಿಕೊಂಡು, ಮನೆಯನ್ನು ಇನ್ನಷ್ಟು ತಿಕ್ಕಿದೆ. ಅವರು ಇನ್ನಷ್ಟು ಹೊತ್ತು ಕೂತರು. ನಾನು ಇನ್ನಷ್ಟು ತಿಕ್ಕಿದೆ. ನೀನು ನನ್ನನ್ನು ಯಾವಾಗಲೂ ಪೆದ್ದಿ ಎನ್ನುತ್ತೀಯಲ್ಲ, ಪೂರ್ತಿ ಕೇಳಿ ಆಮೇಲೆ ಅನ್ನು.

ಈ ಭಾನುವಾರ ಇವರ ಜೊತೆ ಕೆಲಸ ಮಾಡುವ ಮೇಸ್ತ್ರಿಯೊಬ್ಬರು ಚಹಾಕ್ಕೆ ಬಂದರು. ಬಾಯಿ ತುಂಬ ನಗು, ಹೊಟ್ಟೆಯೂ ಅಷ್ಟೇ. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿ, "ಏನಯ್ಯಾ, ಮನೇಲೂ ಡ್ಯೂಟಿನಾ ನಿಂಗೆ? ಇದು ನಮ್ಮ ಮಿಕ್ಸಿಂಗ್ ರೂಮೇ ಅಲ್ವೇನಯ್ಯಾ!" ಎಂದರು. ಇವರು ಮೆಲ್ಲಗೆ "ಸುಮ್ನಿರಣ್ಣ" ಎಂದಿದ್ದು ನನಗೆ ಕೇಳಿಸಿತು. ಮದುವೆ ಮಾತುಕತೆಯಲ್ಲಿ "ಹುಡುಗ ಕೆಮಿಕಲ್ ಕಂಪನಿಯಲ್ಲಿದ್ದಾನೆ" ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಂಡೆವಲ್ಲ, ಏನು ಕೆಮಿಕಲ್ ಎಂದು ನೀನು ಕೇಳಿದೆಯಾ, ಅಪ್ಪ ಕೇಳಿದರಾ, ನಾನಾದರೂ ಕೇಳಿದೆನಾ? ಪಾತ್ರೆ ತೊಳೆಯುವ ಲಿಕ್ವಿಡ್ ಅಮ್ಮಾ! ನಿಂಬೆ ಪರಿಮಳದ್ದು! ಇವರ ಕೆಲಸವೇ ಆ ಪರಿಮಳವನ್ನು ಡ್ರಮ್ಮಿಗೆ ಬೆರೆಸುವುದು. ಬೆಳಗಿನಿಂದ ಸಂಜೆಯವರೆಗೆ ಮೂಗು, ಗಂಟಲು, ಅಂಗಿಯ ತೋಳು ಎಲ್ಲ ನಿಂಬೆ. ಮನೆಯ ಬಾಗಿಲು ತೆರೆದರೆ ಮತ್ತೆ ಅದೇ. ತಲೆ ಸಿಡಿಯುತ್ತಿತ್ತಂತೆ, ಪಾಳಿ ಮುಗಿದೇ ಇಲ್ಲ ಅನ್ನಿಸುತ್ತಿತ್ತಂತೆ. ಆ ಮೆಟ್ಟಿಲ ತಿರುವಿನ ಕಿಟಕಿಯೊಂದೇ ಯಾವ ವಾಸನೆಯೂ ಇಲ್ಲದ ಜಾಗ.

ಮೇಸ್ತ್ರಿ ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ಹೇಳೋಕೇನಾಗಿತ್ತು ರೀ ನಿಮಗೆ? ಬಾಯಲ್ಲೇನು ನಿಂಬೆಹಣ್ಣು ಇಟ್ಕೊಂಡಿದ್ರಾ?" ಇವರು ನಗಲಿಲ್ಲ. "ಇಡೀ ದಿನ ಒಬ್ಳೇ ಇರ್ತೀಯ. ನಿನ್ ಜೊತೆ ಇರೋದು ಆ ಹಣ್ಣುಗಳು ಮಾತ್ರ. ಅವನ್ನೂ ಕಿತ್ಕೊಳ್ಳೋದು ಹೇಗೆ ಅಂತ ಸುಮ್ನಿದ್ದೆ" ಎಂದರು. ಅಮ್ಮಾ, ಅಷ್ಟು ದಿನ ತಡೆದುಕೊಂಡಿದ್ದೆಲ್ಲ ಅಲ್ಲೇ ಸುರಿದುಹೋಯಿತು, ಅವರ ಅಂಗಿಯೆಲ್ಲ ಒದ್ದೆ.

ನಿನ್ನೆ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ನರ್ಸಕ್ಕನಿಗೆ ಕೊಟ್ಟೆ. ಕಪಾಟು, ಷೂ, ಫ್ರಿಜ್ಜು ಎಲ್ಲ ಖಾಲಿ ಮಾಡಿ, ಬರೀ ನೀರಿನಲ್ಲಿ ನೆಲ ಒರೆಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಸಂಜೆ ಬೈಕಿನ ಸದ್ದು, ಆಮೇಲೆ ಮೆಟ್ಟಿಲ ಸದ್ದು, ತಿರುವಿನಲ್ಲಿ ನಿಲ್ಲಲೇ ಇಲ್ಲ ಅಮ್ಮಾ! ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಂತೆ ಕೇಳಿಸಿತು. ಒಳಗೆ ಬಂದು ಉದ್ದಕ್ಕೆ ಉಸಿರೆಳೆದು, ಕಾಲು ಚಾಚಿ ಕೂತು, ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದರು. ನನಗೆ ಕುಣಿಯುವಷ್ಟು ಖುಷಿ.

ಇವತ್ತು ಅವರು ಹೊರಟ ಮೇಲೆ ಅಡುಗೆಮನೆಗೆ ಹೋಗಿ ನಿಂತೆ. ಏನೂ ವಾಸನೆ ಇಲ್ಲ. ಯಾರದೋ ಮನೆ. ನಾನು ಇಷ್ಟು ದಿನ ತಿಕ್ಕಿ ತಿಕ್ಕಿ ಮಾಡುತ್ತಿದ್ದದ್ದು ನಿನ್ನ ಮನೆಯನ್ನು, ನಮ್ಮದನ್ನಲ್ಲ ಎಂದು ಆಗ ಗೊತ್ತಾಯಿತು. ನಮ್ಮದಕ್ಕೆ ಯಾವ ವಾಸನೆ ಬರಬೇಕೋ ಇನ್ನೂ ತಿಳಿದಿಲ್ಲ. ಬರುತ್ತದೆ ಬಿಡು. ಸ್ವಲ್ಪ ಹೊತ್ತು ರೇಡಿಯೋ ಹಾಕಿದೆ, ಆರಿಸಿದೆ, ಆಮೇಲೆ ಈ ಕಾಗದಕ್ಕೆ ಕೂತೆ.

ಅಪ್ಪನಿಗೆ ನಮಸ್ಕಾರ ಹೇಳು, ಬಿಸಿನೀರು ಕುಡಿಯಲು ಹೇಳು. ತಮ್ಮನಿಗೆ ಒಂದು ಗುದ್ದು, ಒಂದು ಮುತ್ತು. ನಿನಗೆ ಬರೀ ಮುತ್ತು, ಲೆಕ್ಕವಿಲ್ಲದಷ್ಟು.

ನಿನ್ನ ಪೆದ್ದಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಬರುವ ಸೋಮವಾರದಿಂದ ಇವರಿಗೆ ರಾತ್ರಿ ಪಾಳಿ. ಹಗಲು ಹೇಗೋ ಕಳೆಯುತ್ತೇನೆ, ರಾತ್ರಿ ಒಬ್ಬಳೇ ಇರಲು ನನ್ನಿಂದ ಆಗುವುದಿಲ್ಲ ಅಮ್ಮಾ. ಒಂದು ವಾರ ಬಂದಿರುತ್ತೀಯಾ? ನೀನಾಗಿಯೇ ಇವರಿಗೆ ಫೋನ್ ಮಾಡಿ, ಮಗಳ ಮನೆ ನೋಡುವ ಆಸೆಯಾಗಿದೆ ಎನ್ನು. ನಾನು ಕರೆದೆ ಎಂದು ಮಾತ್ರ ಹೇಳಬೇಡ. ನಿನ್ನೆಯಷ್ಟೇ ಮೆಟ್ಟಿಲು ಬಿಟ್ಟು ಒಳಗೆ ಬಂದಿದ್ದಾರೆ, ತಾನೊಬ್ಬನಿದ್ದರೆ ಇವಳಿಗೆ ಸಾಲದು ಎಂದುಕೊಂಡಾರು.